ಹಿತ್ತಿಲಿನ ಮರ, ಚಪ್ಪರದ ಬಳ್ಳಿ

ಮುಂಬಯಿಯಲ್ಲಿ ಹಿತ್ತಿಲೆಂಬುದು ಉಂಟೆ ಎಂದು ನಮ್ಮ ವಾಚಕರಲ್ಲಿ ಅನೇಕರು ಕೇಳಬಹುದು. ಕೇಳುವುದು ಸಹಜವೇ. ಹತ್ತಡಿ ಉದ್ದ, ಹತ್ತಡಿ ಅಗಲದ ಖೋಲಿಯಲ್ಲಿ ಆರು ಮಂದಿ ಮಲಗುವವರು, ಹೋಟೇಲಿನ ಮೇಜುಗಳನ್ನು ಒತ್ತಟ್ಟಿಗೆ ಸರಿಸಿ ಅವುಗಳ ಮೇಲೆಯೇ ರಾತ್ರಿ ಕಳೆಯುವವರು, ಬೆಳಿಗ್ಗೆ ಡೊಂಬಿವಿಲಿಯಲ್ಲಿ ಲೋಕಲ್ ಗಾಡಿ ಹಿಡಿದರೆ ರಾತ್ರಿಯಲ್ಲದೆ ಮನೆಯ ಮುಖ ಕಾಣದ ಗುಮಾಸ್ತರು, ಇವರಿಗೆಲ್ಲ ಹಿತ್ತಿಲು ಎಲ್ಲಿಂದ ಬರಬೇಕು? ಆದರೂ ಒಂದು ದಿನ ಗಾಡಿಯ ಕಿಟಕಿಯ ಬಳಿ ಸ್ಥಳ ದೊರೆತಾಗ ಚಾಳುಗಳ ಹಿಂಬದಿಯನ್ನು ನೋಡುತ್ತ ಬನ್ನಿರಿ. ಕಬ್ಬಿಣದ ಸರಳುಗಳ ನಡುವೆ ಎಣ್ಣೆಯ ಡಬ್ಬಿಯಲ್ಲಿ ತುಳಸಿ, ಒಡೆದ ಬಕೇಟಿನಲ್ಲಿ ಕರಿಬೇವು, ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹಬ್ಬಿದ ಬಸಳೆ ಕಂಡೇ ಕಾಣುತ್ತವೆ. ಬಸಳೆ ಹಬ್ಬಿದ ಕಿಟಕಿಯನ್ನು ಕಂಡರೆ ಒಳಗಿರುವವರು ನಮ್ಮ ಕಡೆಯವರೆಂದು ಹೆಸರು ಕೇಳದೆಯೇ ಹೇಳಬಹುದೆಂದು ನಮ್ಮ ನಂಬಿಕೆ. ಬಂಗಾಳಿಗಳೂ ಬಸಳೆ ತಿನ್ನುವವರೇ, ಮರಾಠಿಗರೂ ಅದನ್ನು ಮಾಯಾಳು ಎಂದು ಕರೆದು ತಿನ್ನುತ್ತಾರೆ. ಆದ್ದರಿಂದ ಒಮ್ಮೊಮ್ಮೆ ನಮ್ಮ ಊಹೆ ತಪ್ಪಿದ್ದೂ ಉಂಟು.

ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಗೆ ಬಂದುದು 1997ರಲ್ಲಿ. ಕೊಂಕಣ ರೈಲುಮಾರ್ಗ ಇನ್ನೂ ಪೂರ್ತಿಯಾಗಿರಲಿಲ್ಲ. ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಳಿತು ಬಂದೆವು. ಕುರ್ಲಾದ ಹೋಟೇಲೊಂದರಲ್ಲಿ ಲೋಟ ತೊಳೆಯುವ ಕೆಲಸ ದೊರಕಿತು. ಆ ಹೋಟೇಲಿನ ಹಿಂದೆ, ಮೋರಿಗೂ ಗೋಡೆಗೂ ನಡುವೆ, ಐದು ಮೊಳ ಅಗಲದ ಮಣ್ಣಿನ ಜಾಗವೊಂದಿತ್ತು. ಅಡುಗೆಯ ಭಟ್ಟರು ಅಲ್ಲಿ ಒಂದು ಕರಿಬೇವು, ಒಂದು ನುಗ್ಗೆ, ಗೋಡೆಗೆ ಒಂದು ತೊಂಡೆಬಳ್ಳಿ ಸಾಕಿದ್ದರು. ಸಾಕಿದ್ದರು ಎಂಬ ಮಾತನ್ನು ನಾವು ಬೇಕೆಂದೇ ಬರೆದಿದ್ದೇವೆ. ಒಲೆಯ ಮುಂದೆ ಅವರ ಬಾಯಿಗೆ ಹೆದರದ ಮಾಣಿ ಇರಲಿಲ್ಲ. ಆದರೆ ಮಧ್ಯಾಹ್ನದ ಊಟದ ಗಲಾಟೆ ಮುಗಿದು ಒಲೆ ತಣ್ಣಗಾದ ಮೇಲೆ ಭಟ್ಟರು ಪಂಚೆಯನ್ನು ಎತ್ತಿ ಕಟ್ಟಿ ಆ ಮೂಲೆಗೆ ಹೋಗಿ ನಿಂತರೆಂದರೆ ಬೇರೆಯೇ ಮನುಷ್ಯರು. ತೊಂಡೆಯ ಎಲೆಯನ್ನು ಮಗುಚಿ ನೋಡುವರು; ಕರಿಬೇವಿನ ಬುಡದ ಮಣ್ಣನ್ನು ಚಟ್ಟುಗದಿಂದ ಸಡಿಲಿಸುವರು. ಒಗ್ಗರಣೆಗೆಂದು ನಾವು ಒಂದು ಸಲ ಅವಸರದಲ್ಲಿ ರೆಂಬೆಯನ್ನೇ ಮುರಿದು ತಂದಾಗ, "ಏ ಮಾಣಿ, ನಿನ್ನ ತಲೆಕೂದಲನ್ನು ಯಾರಾದರೂ ಹೀಗೆ ಕಿತ್ತರೆ ಆದೀತೋ?" ಎಂದು ಕೇಳಿದರು. ಬೈಗುಳಕ್ಕಿಂತ ಆ ಪ್ರಶ್ನೆ ನಮಗೆ ಹೆಚ್ಚು ನಾಟಿತು.

ಕರಿಬೇವಿನ ವಿಷಯ ಬಂದುದರಿಂದ ಒಂದು ಮಾತು. ಕರಾವಳಿಯವರಾದ ನಾವು ಅದನ್ನು ಬರಿದೇ ಬೇವಿನ ಸೊಪ್ಪು ಎನ್ನುತ್ತೇವೆ. ಘಟ್ಟದ ಮೇಲಿನವರು ಇದನ್ನು ಕೇಳಿ ಗಾಬರಿಗೊಳ್ಳುವುದುಂಟು. ನಿಜವಾಗಿ ಅದು ನಿಂಬೆಯ ಕುಟುಂಬದ ಗಿಡ. ಇದನ್ನು ಪುಸ್ತಕದಿಂದ ತಿಳಿಯುವ ಮೊದಲೇ ಹುಳುಗಳು ತಿಳಿದುಕೊಂಡಿವೆ. ನಿಂಬೆಯ ಎಲೆಯನ್ನು ತಿನ್ನುವ ಹಸಿರು ಹುಳುವೇ ಕರಿಬೇವಿನ ಚಿಗುರನ್ನೂ ತಿಂದು ಮುಂದೆ ಕಪ್ಪು ರೆಕ್ಕೆಯ ಚಿಟ್ಟೆಯಾಗಿ ಹಾರಿಹೋಗುತ್ತದೆ. ಗಿಡ ಮೊದಲ ಎರಡು ಮೂರು ವರ್ಷ ಬಹಳ ನಿಧಾನ. ಆಮೇಲೆ ಬೇರಿನಿಂದಲೇ ಮರಿಗಳನ್ನು ಎಬ್ಬಿಸುತ್ತದೆ. ಮರಿಯನ್ನು ಬೇರಿನ ತುಂಡಿನೊಂದಿಗೆ ಅಗೆದು ನೆಟ್ಟರೆ ಬದುಕುತ್ತದೆ. ಬೀಜವಾದರೆ ಹಣ್ಣಿನಿಂದ ಬಿಡಿಸಿದ ಕೆಲವೇ ದಿನಗಳಲ್ಲಿ ಬಿತ್ತಬೇಕು, ಒಣಗಿಸಿ ಇಟ್ಟರೆ ಮೊಳೆಯದು.

ಗೊಬ್ಬರದ ವಿಷಯದಲ್ಲಿ ಹೋಟೇಲಿನವರು ಶ್ರೀಮಂತರು. ದಿನಕ್ಕೆ ಎಷ್ಟು ಚಹಾ ಪುಡಿ ಸೋಸಿ ಎಸೆಯುತ್ತೇವೆಂಬುದನ್ನು ನಮ್ಮ ಬಂಧುಗಳಿಗೆ ಹೇಳಬೇಕಾಗಿಲ್ಲ. ಆದರೆ ಹಾಲು, ಸಕ್ಕರೆ ಬೆರೆತ ಚರಟವನ್ನು ಹಾಗೆಯೇ ಬುಡಕ್ಕೆ ಸುರಿದರೆ ಇರುವೆ ಮುತ್ತುತ್ತದೆ, ಮೇಲೆ ಬೂಷ್ಟು ಕಟ್ಟುತ್ತದೆ. ಎರಡು ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮಣ್ಣಿನಲ್ಲಿ ಬೆರೆಸಬೇಕು. ಅಕ್ಕಿ, ಉದ್ದು ತೊಳೆದ ನೀರನ್ನು ಮೋರಿಗೆ ಚೆಲ್ಲುವ ಬದಲು ಬಳ್ಳಿಗೆ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ. ಖಾಲಿಯಾದ ಎಣ್ಣೆಯ ಡಬ್ಬಿಯ ತಳಕ್ಕೆ ನಾಲ್ಕು ತೂತು ಹೊಡೆದು, ತೆಂಗಿನ ನಾರನ್ನು ಹಾಸಿ, ಮೇಲೆ ಮಣ್ಣು ತುಂಬಿದರೆ ಅದೇ ಕುಂಡ. ಇವೆಲ್ಲವೂ ಭಟ್ಟರ ಪಾಠ. ನಾವು ಸೇರಿಸಿದ್ದು ಏನೂ ಇಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮೀಠಿ ನದಿ ಕುರ್ಲಾದೊಳಕ್ಕೆ ನುಗ್ಗಿತು. ಅಕ್ಕಿಯ ಮೂಟೆ, ಸಕ್ಕರೆಯ ಮೂಟೆ, ಗಲ್ಲಾಪೆಟ್ಟಿಗೆ, ಎಲ್ಲವೂ ನೀರಿನಲ್ಲಿ. ನಾವು ಮೇಲಿನ ಮಾಳಿಗೆಯವರ ಮೆಟ್ಟಿಲಲ್ಲಿ ರಾತ್ರಿ ಕಳೆದೆವು. ನೀರಿಳಿದ ಮೇಲೆ ನೋಡಿದರೆ ನುಗ್ಗೆ ಬುಡಸಹಿತ ಮಗುಚಿ ಬಿದ್ದಿತ್ತು, ತೊಂಡೆಬಳ್ಳಿ ಕೊಳೆತಿತ್ತು, ಕರಿಬೇವು ಮಾತ್ರ ಮೈತುಂಬ ಕರಿಯ ಕೆಸರು ಬಳಿದುಕೊಂಡು ನಿಂತಿತ್ತು. ನಲ್ಲಿಯಲ್ಲಿ ನೀರಿಲ್ಲ, ಎಲ್ಲಿಂದಲೋ ಎರಡು ಕೊಡ ಶುದ್ಧ ನೀರು ಹೊತ್ತು ತಂದಿದ್ದೆವು. ಭಟ್ಟರು ಮಾತಿಲ್ಲದೆ ಅದರಲ್ಲಿ ಒಂದು ಚೊಂಬು ತೆಗೆದುಕೊಂಡು ಹೋಗಿ ಆ ಗಿಡದ ಎಲೆಗಳನ್ನು ತೊಳೆದರು. ಕುಡಿಯಲು ನೀರಿಲ್ಲದ ದಿನ ಗಿಡಕ್ಕೆ ಸ್ನಾನವೇ ಎಂದು ನಾವು ಹುಡುಗರು ಒಳಗೊಳಗೇ ನಕ್ಕೆವು. ಅವರೇನೂ ಉತ್ತರ ಕೊಡಲಿಲ್ಲ. ಮೇಲಿನ ಎಲೆಗಳೆಲ್ಲ ಉದುರಿಯೇ ಹೋದವು. ಆದರೆ ಗಣಪತಿ ಹಬ್ಬದ ಹೊತ್ತಿಗೆ ಬುಡದಲ್ಲಿ ಹೊಸ ಚಿಗುರು ಕಾಣಿಸಿತು.

ಕಾಳಿದಾಸನ ಶಾಕುಂತಲ ನಾಟಕವನ್ನು 19ನೆಯ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದರು. ರಾತ್ರಿಶಾಲೆಯಲ್ಲಿ ಓದಿದ ನಮ್ಮ ವಾಚಕರಿಗೆ ಅದರ ಕಥೆ ತಿಳಿದಿರಬೇಕು. ಶಕುಂತಲೆ ಗಂಡನ ಮನೆಗೆ ಹೊರಟಾಗ ಕಣ್ವರು ಮೊದಲು ಹೇಳುವುದು ಆಶ್ರಮದ ಮರಗಳಿಗೆ: ನಿಮಗೆ ನೀರೆರೆಯದೆ ತಾನು ಕುಡಿಯದಿದ್ದವಳು ಹೊರಟಿದ್ದಾಳೆ, ಅಪ್ಪಣೆ ಕೊಡಿರಿ ಎಂದು. ಮಾವಿನ ಮರವನ್ನು ತಬ್ಬಿದ ಮಲ್ಲಿಗೆಯ ಬಳ್ಳಿಗೆ ಆಕೆ ವನಜ್ಯೋತ್ಸ್ನೆ ಎಂದು ಹೆಸರಿಟ್ಟಿದ್ದಳು. ತಂಗಿಯಿಂದ ಬೀಳ್ಕೊಳ್ಳುವಂತೆ ಅದರಿಂದ ಬೀಳ್ಕೊಳ್ಳುತ್ತಾಳೆ. ಶಾಲೆಯಲ್ಲಿ ಇದನ್ನು ಓದಿದಾಗ ಕವಿಯ ಉತ್ಪ್ರೇಕ್ಷೆ ಎಂದುಕೊಂಡಿದ್ದೆವು. ಭಟ್ಟರು ಕಾಳಿದಾಸನನ್ನು ಓದಿದವರಲ್ಲ. ಮರುವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೊರಟಾಗ ನಮ್ಮ ಕೈಗೆ ಕೊಟ್ಟದ್ದು ಒದ್ದೆ ಗೋಣಿಯಲ್ಲಿ ಸುತ್ತಿದ ಆ ಕರಿಬೇವಿನ ಒಂದು ಮರಿಯನ್ನು.

ಆ ಮರಿಯನ್ನು ಮೊದಲು ಡಬ್ಬಿಯಲ್ಲಿಟ್ಟು, ಆಮೇಲೆ ಭಾಂಡುಪಿನಲ್ಲಿ ನಾವು ಕೊಂಡ ನೆಲಮಾಳಿಗೆಯ ಖೋಲಿಯ ಹಿಂದೆ ನೆಟ್ಟೆವು. ಪಾಲುಗಾರಿಕೆಯಲ್ಲಿ ಒಂದು ಸಣ್ಣ ಹೋಟೇಲು ಆರಂಭಿಸಿದ್ದ ಕಾಲ ಅದು. ಹಿಂದೆ ಹನ್ನೆರಡು ಅಡಿ ಮಣ್ಣಿತ್ತು. ಯಾರೋ ಹಿಂದಿನವರು ನೆಟ್ಟ ತೆಂಗಿನ ಮರವೊಂದು ಆಗಲೇ ಫಲ ಕೊಡುತ್ತಿತ್ತು. ನುಗ್ಗೆಯ ಒಂದು ಗೆಲ್ಲನ್ನು ಊರಿದೆವು. ಎರಡನೆಯ ವರ್ಷಕ್ಕೆ ಕಾಯಿ ಬಿಟ್ಟಿತು. ನುಗ್ಗೆ ಉದಾರಿಯಾದ ಮರ, ಆದರೆ ಅದರ ಮೈ ಗಟ್ಟಿಯಲ್ಲ. ಪ್ರತಿ ಮಳೆಗಾಲದಲ್ಲಿ ಒಂದು ಕೊಂಬೆ ಮುರಿಯುವುದು, ಕಂಬಳಿಹುಳು ಹಿಡಿಯುವುದು, ನೆರೆಯವರು ಬಂದು ಜಗಳವಾಡುವುದು ಇದ್ದದ್ದೇ.

2009ರಲ್ಲಿ ತಂದೆಯವರು ತೀರಿಕೊಂಡ ಮೇಲೆ ನಮ್ಮ ತಾಯಿಯವರು ಊರಿನ ಮನೆಗೆ ಬೀಗ ಹಾಕಿ ಮತ್ಸ್ಯಗಂಧಾ ಗಾಡಿಯಲ್ಲಿ ಮುಂಬಯಿಗೆ ಬಂದರು. ಅವರ ಮಡಿಲಲ್ಲಿ ಒಂದು ಗಂಟು. ಪಕ್ಕದ ಪ್ರಯಾಣಿಕರೊಬ್ಬರು ಕೂಸೆಂದು ತಿಳಿದು ಕಾಲು ಮಡಚಿ ಸ್ಥಳ ಬಿಟ್ಟರಂತೆ. ಬಿಚ್ಚಿ ನೋಡಿದರೆ ಬಾಳೆಯ ಹಾಳೆಯಲ್ಲಿ ಸುತ್ತಿದ ಎರಡು ಮಲ್ಲಿಗೆಯ ಸಸಿ, ನಾಲ್ಕು ತುಂಡು ಬಸಳೆಯ ಬಳ್ಳಿ. ಊರಿನ ಚಿನ್ನ, ಬೆಳ್ಳಿ, ತಾಮ್ರದ ಕೊಡ ಎಲ್ಲವನ್ನೂ ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದರು.

ಆ ಮಲ್ಲಿಗೆ ಶಂಕರಪುರದ ಜಾತಿಯದು. ಉಡುಪಿ ಮಲ್ಲಿಗೆಯೆಂಬ ಹೆಸರಿನಲ್ಲಿ ಸರಕಾರದ ಭೌಗೋಳಿಕ ಗುರುತನ್ನೂ ಪಡೆದ ಹೂವು ಅದು. 800 ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ಅಂತಹ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200 ಹೂವು. ಅಲ್ಲಿ ಅದು ಎಷ್ಟೋ ಬಡ ಸಂಸಾರಗಳ ಅನ್ನ. ಹತ್ತಿಪ್ಪತ್ತು ಗಿಡ ಸಾಕಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ವಾಚಕರ ಮನೆಗಳಲ್ಲಿಯೇ ಇದ್ದಾರೆ. ಮುಂಬಯಿಯ ಮದುವೆಗಳಿಗೂ ಅದು ಊರಿನಿಂದಲೇ ಬರುತ್ತದೆ. ಭಾಂಡುಪಿನ ನಮ್ಮ ಎರಡು ಗಿಡ ಅಟ್ಟೆಯ ಮಾತಿರಲಿ, ಒಂದು ಚೆಂಡಿನಷ್ಟನ್ನೂ ಒಂದು ದಿನ ಕೊಟ್ಟದ್ದಿಲ್ಲ. ಬೇಸಗೆಯಲ್ಲಿ ನಲವತ್ತು, ಐವತ್ತು ಮೊಗ್ಗು. ತಾಯಿಯವರು ಅದನ್ನು ಎಣಿಸಿಯೇ ಕೊಯ್ಯುವರು. ಅರ್ಧ ದೇವರಿಗೆ, ಮಿಕ್ಕದ್ದು ನೆರೆಯ ಗುಜರಾತಿ ಹುಡುಗಿಯ ಜಡೆಗೆ. ಭಾಷೆ ಬಾರದ ಊರಿನಲ್ಲಿ ಅವರು ಸಂಪಾದಿಸಿದ ಮೊದಲ ಗೆಳೆತನ ಅದು.

ಬಸಳೆಗೆ ನಾವು ಬಿದಿರಿನ ಚಪ್ಪರ ಹಾಕಿದೆವು. ತೊಂಡೆಗೆ ಬೇರೆ ಚಪ್ಪರ ಬೇಕೆಂದು ತಾಯಿಯವರ ಹಟ. ಎರಡೂ ಬಳ್ಳಿಯೇ ಅಲ್ಲವೇ ಎಂದರೆ, "ಒಂದು ಒರಗಿಕೊಳ್ಳುವುದು, ಒಂದು ಹಿಡಿದುಕೊಳ್ಳುವುದು, ಮಗಾ" ಎಂದರು. ಆಗ ನಮಗೆ ಅರ್ಥವಾಗಲಿಲ್ಲ. ಮುಂದೆ ಪತ್ರಿಕೆಯ ಕೆಲಸಕ್ಕೆ ಬಂದ ಮೇಲೆ ಓದಿ ತಿಳಿದೆವು: ಇಂಗ್ಲೆಂಡಿನ ಡಾರ್ವಿನ್ ಮಹಾಶಯನು 1865ರಲ್ಲಿ ಬಳ್ಳಿಗಳ ಚಲನೆಯನ್ನೇ ಕುರಿತು ಒಂದು ದೀರ್ಘ ಪ್ರಬಂಧ ಬರೆದಿದ್ದಾನೆ. ಕಾಯಿಲೆಯಿಂದ ಕೋಣೆಯಲ್ಲಿ ಬಿದ್ದಿದ್ದ ಕಾಲದಲ್ಲಿ ಕುಂಡದಲ್ಲಿನ ಬಳ್ಳಿಯ ತುದಿ ಗಾಳಿಯಲ್ಲಿ ಸುತ್ತು ಹಾಕುವುದನ್ನು ಗಂಟೆಗಟ್ಟಲೆ ನೋಡಿ ಗುರುತು ಹಾಕಿಕೊಂಡನಂತೆ. ಅಲಸಂಡೆ, ಬಸಳೆ, ಶಂಖಪುಷ್ಪ ಮೊದಲಾದವು ತಮ್ಮ ಕಾಂಡದಿಂದಲೇ ಆಸರೆಯನ್ನು ಸುತ್ತುತ್ತವೆ. ವೀಳ್ಯದೆಲೆ, ಕಾಳುಮೆಣಸು ಗೆಣ್ಣಿನಲ್ಲಿ ಬೇರು ಬಿಟ್ಟು ಮರಕ್ಕೆ ಅಂಟುತ್ತವೆ. ತೊಂಡೆ, ಹೀರೆ, ಸೌತೆಗಳಿಗೆ ಕುಡಿಬಳ್ಳಿಯೆಂಬ ಕೈ ಉಂಟು. ಆ ಕೈ ಯಾವುದನ್ನಾದರೂ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಬಾಗತೊಡಗುತ್ತದೆ. ಹಿಡಿದಾದ ಮೇಲೆ ಸುರುಳಿಯಾಗಿ ಬಳ್ಳಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಎರಡೂ ತುದಿ ಕಟ್ಟಿಬಿದ್ದಿರುವುದರಿಂದ ಸುರುಳಿ ಅರ್ಧ ದೂರ ಒಂದು ಕಡೆಗೆ ತಿರುಗಿ, ನಡುವೆ ನೆಟ್ಟಗಾಗಿ, ಉಳಿದರ್ಧ ಎದುರು ಕಡೆಗೆ ತಿರುಗುತ್ತದೆ. ಹೀಗಾಗಿ ಅದು ಸ್ಪ್ರಿಂಗಿನಂತೆ ಕೆಲಸ ಮಾಡಿ, ಬಿರುಗಾಳಿಗೆ ಬಳ್ಳಿ ಹರಿಯದಂತೆ ಕಾಯುತ್ತದೆ. ನಿಮ್ಮ ಮನೆಯಲ್ಲಿ ತೊಂಡೆ ಇದ್ದರೆ ಈ ಹೊತ್ತೇ ಹೋಗಿ ನೋಡಬಹುದು. ತುಂಬಿದ ಚಪ್ಪರವನ್ನು ನೋಡಿ ಇದು ತಡೆದೀತೇ ಎಂದು ನಾವು ಸಂಶಯಪಟ್ಟಾಗ ತಾಯಿಯವರು ಬಳ್ಳಿಗೆ ಕಾಯಿ ಭಾರವೇ ಎಂಬ ಗಾದೆಯನ್ನೇ ಹೇಳಿ ಮುಗಿಸಿದರು. ಡಾರ್ವಿನನಿಗೆ ಇಷ್ಟು ಚಿಕ್ಕದಾಗಿ ಹೇಳಲು ಬರುತ್ತಿರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಇನ್ನೊಂದು ಗಾದೆಯನ್ನು 2020ರಲ್ಲಿ ಮುಂಬಯಿ ತಾನೇ ಸುಳ್ಳು ಮಾಡಿತು. ಕೋವಿಡ್ ಬಂದಾಗ ಹೋಟೇಲುಗಳು ಮುಚ್ಚಿದವು, ಹುಡುಗರು ಊರಿಗೆ ಹೋದರು, ಬೇಲಿಯ ಅಮೃತಬಳ್ಳಿಯನ್ನು ಕೇಳಿಕೊಂಡು ಮೂರು ಮಾಳಿಗೆಯವರು ನಮ್ಮ ಬಾಗಿಲಿಗೆ ಬಂದರು. ಅದರಿಂದ ಯಾರಿಗೆ ಎಷ್ಟು ಗುಣವಾಯಿತೆಂದು ಹೇಳುವ ಧೈರ್ಯ ನಮಗಿಲ್ಲ. ವೈದ್ಯರನ್ನು ಕೇಳದೆ ಕಷಾಯ ಕುಡಿಯಬಾರದೆಂದೇ ಹೇಳುತ್ತೇವೆ. ಆದರೆ ಆ ತಿಂಗಳುಗಳಲ್ಲಿ ಗಲ್ಲಾ ಮುಚ್ಚಿ ಕುಳಿತ ನಮಗೆ ಬೆಳಿಗ್ಗೆ ಎದ್ದು ಮಾಡಲು ಒಂದು ಕೆಲಸ ಕೊಟ್ಟದ್ದು ಆ ಹನ್ನೆರಡು ಅಡಿ ಹಿತ್ತಿಲು.

ಸಸ್ಯಶಾಸ್ತ್ರವನ್ನು ನಗುನಗುತ್ತ ಹೇಳಿದ ಬಿ.ಜಿ.ಎಲ್. ಸ್ವಾಮಿಯವರ ಪುಸ್ತಕಗಳನ್ನು ನಾವು ಓದಿದುದು ಆಗಲೇ. ಅವರ 'ಹಸುರು ಹೊನ್ನು' ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಇನ್ನೊಂದು ಪುಸ್ತಕವನ್ನು ಪ್ರತಿಯೊಬ್ಬ ಹೋಟೇಲು ಮಾಲಿಕನೂ ಓದಬೇಕು. ಮಸಾಲೆದೋಸೆಯ ಬಟಾಟೆ, ಚಟ್ನಿಯ ಮೆಣಸು, ಸಾರಿನ ಟೊಮೆಟೊ, ಉಪ್ಪಿಟ್ಟಿನ ಗೇರುಬೀಜ, ಇವೆಲ್ಲ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು. ನಮ್ಮ ಬೀದಿಯ ಮರಗಳನ್ನೇ ನೋಡಿರಿ: ನೆರಳು ಕೊಡುವ ಮಳೆಮರ ಅಮೆರಿಕದ್ದು, ಬೇಸಗೆಯಲ್ಲಿ ಉರಿಯುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು, ಬಂಗಲೆಗಳ ಗೇಟಿನ ಮೇಲಿನ ಬೋಗನ್‌ವಿಲಿಯ ಬ್ರೆಜಿಲಿನದು. ಹೊರಗಿನವರು ಯಾರು, ಒಳಗಿನವರು ಯಾರು ಎಂಬ ಚರ್ಚೆ ಈ ನಗರದಲ್ಲಿ ಆಗಾಗ ಏಳುತ್ತದೆ. ಮರಗಳನ್ನು ಮಾತ್ರ ಯಾರೂ ಇದುವರೆಗೆ ಊರು ಕೇಳಿಲ್ಲ. ಮರಗಳನ್ನು ಮನಸಾರೆ ನೋಡಬೇಕೆಂಬವರು ರಜೆಯ ದಿನ ಬಾಯಿಖಳಾದ ರಾಣಿಬಾಗಿಗೆ ಹೋಗಬಹುದು. 1862ರಷ್ಟು ಹಳೆಯ ಉದ್ಯಾನ. ಹುಲಿಯನ್ನೂ ಪೆಂಗ್ವಿನನ್ನೂ ನೋಡಲು ನುಗ್ಗುವ ಜನರು ದಾರಿಯ ಮೇಲಿನ ನಾಗಲಿಂಗದ ಮರವನ್ನು ತಲೆಯೆತ್ತಿಯೂ ನೋಡುವುದಿಲ್ಲ. ಧಾರಾವಿಯ ಪಕ್ಕದಲ್ಲಿ ಕಸದ ರಾಶಿಯ ಮೇಲೆಯೇ ಬೆಳೆಸಿದ 37 ಎಕರೆಯ ಮಹಾರಾಷ್ಟ್ರ ನಿಸರ್ಗೋದ್ಯಾನವೂ ಉಂಟು.

ಇನ್ನು ಹೇಳಬೇಕಾದುದನ್ನು ಇಷ್ಟು ಹೊತ್ತು ಮುಂದೂಡುತ್ತ ಬಂದೆವು.

ಕಟ್ಟಡ ಹಳೆಯದಾಗಿತ್ತು, ಮಳೆಗಾಲದಲ್ಲಿ ಮೇಲಿನವರ ಚಾವಣಿಯ ಗಾರೆ ಕಳಚಿ ಬೀಳುತ್ತಿತ್ತು. ಕೆಡವಿ ಹೊಸದನ್ನು ಕಟ್ಟುವೆನೆಂದು ಒಬ್ಬ ಕಂತ್ರಾಟುದಾರರು ಮುಂದೆ ಬಂದರು. ಪ್ರತಿಯೊಬ್ಬರಿಗೂ ಹೆಚ್ಚು ಜಾಗ, ಲಿಫ್ಟು, ದಿನವಿಡೀ ನೀರು. ಸಭೆಯಲ್ಲಿ ಎಲ್ಲರೂ ಒಪ್ಪಿದರು. ನಾವೂ ಒಪ್ಪಿದೆವು. ಇದನ್ನು ಸ್ಪಷ್ಟವಾಗಿ ಬರೆಯುವುದು ನಮ್ಮ ಕರ್ತವ್ಯ. 2019ರ ಅಕ್ಟೋಬರಿನಲ್ಲಿ ಆರೇ ಕಾಲನಿಯಲ್ಲಿ ಮೆಟ್ರೋ ಡಿಪೋಗಾಗಿ ರಾತ್ರೋರಾತ್ರಿ ಮರ ಕಡಿಯತೊಡಗಿ, ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದಾಗ ಇದೇ ಲೇಖನಿಯಿಂದ ನಾವು ಕಟುವಾಗಿ ಬರೆದಿದ್ದೆವು. ನಮ್ಮದೇ ಹಿತ್ತಿಲಿನ ಕಾಗದ ಮುಂದೆ ಬಂದಾಗ ಮೂರನೆಯ ಪುಟದಲ್ಲಿ ರುಜು ಹಾಕಿದೆವು.

1975ರ ಮಹಾರಾಷ್ಟ್ರದ ವೃಕ್ಷಸಂರಕ್ಷಣೆಯ ಕಾನೂನಿನಂತೆ ನಗರದಲ್ಲಿ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಸ್ವಂತ ಅಂಗಳದ ಮರವಾದರೂ ಸರಿಯೇ. 2021ರ ತಿದ್ದುಪಡಿಯಿಂದ 50 ವರ್ಷ ದಾಟಿದ ಮರಗಳಿಗೆ ಪಾರಂಪರಿಕ ವೃಕ್ಷವೆಂಬ ಸ್ಥಾನ ದೊರೆತಿದೆ. ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕೆಂಬ ನಿಯಮವೂ ಬಂದಿದೆ. ಮರಕ್ಕೆ ನೋಟೀಸು ಅಂಟಿಸಿ ಆಕ್ಷೇಪಣೆಗೆ ಅವಕಾಶ ಕೊಡುತ್ತಾರೆ. ನಮ್ಮ ತೆಂಗಿಗೂ ಅಂಟಿಸಿದರು. ಅದನ್ನು ಓದಿ ಹೇಳೆಂದು ತಾಯಿಯವರು ಕೇಳಿದರು, ಓದಿ ಹೇಳಿದೆವು. ಅವರು ಕೇಳಿದುದು ಒಂದೇ ಪ್ರಶ್ನೆ: "ಮನುಷ್ಯರಿಗೆ ಹೇಳಿದ್ದಾಯಿತು. ಮರಕ್ಕೆ ಹೇಳಿದಿಯೋ?"

ಹಿಂದಿನ ಸಂಜೆ ಅವರೇ ಹೋಗಿ ತೆಂಗಿಗೂ ನುಗ್ಗೆಗೂ ಅರಸಿನ ಕುಂಕುಮ ಹಚ್ಚಿ ದೀಪವಿಟ್ಟು ಬಂದರು. ಚಪ್ಪರದ ಬಳಿ ಎಷ್ಟು ಹೊತ್ತು ನಿಂತಿದ್ದರೋ, ನಾವು ಒಳಗಿದ್ದೆವು. ನುಗ್ಗೆ ಅರ್ಧ ಗಂಟೆಯಲ್ಲಿ ಹೋಯಿತು. ತೆಂಗನ್ನು ಬುಡದ ಮಣ್ಣಿನೊಂದಿಗೆ ಕಿತ್ತು ಬೇರೆಡೆ ನೆಡಲಾಯಿತು. ಕಾಗದದಲ್ಲಿ ಅದು ಬದುಕಿದೆ, ನಾವು ಹೋಗಿ ನೋಡಿದಾಗ ಸುಳಿ ಬಾಡಿತ್ತು.

ಈಗ ನಾವು ಹನ್ನೊಂದನೆಯ ಮಾಳಿಗೆಯಲ್ಲಿದ್ದೇವೆ. ನಲ್ಲಿಯಲ್ಲಿ ದಿನವಿಡೀ ನೀರುಂಟು. ಕಿಟಕಿಯ ಸರಳುಗಳೊಳಗೆ ಏಳು ಡಬ್ಬಿಗಳಿವೆ. ಎತ್ತರದ ಗಾಳಿಗೆ ಮಣ್ಣು ಬೇಗ ಒಣಗುತ್ತದೆ, ಆದ್ದರಿಂದ ಬೇಸಗೆಯಲ್ಲಿ ಎರಡು ಹೊತ್ತು ನೀರು ಬೇಕು. ಡಬ್ಬಿಗಳನ್ನು ಸರಳಿನ ಹೊರಗೆ, ದಂಡೆಯ ಮೇಲೆ ಎಂದೂ ಇಡಬೇಡಿರಿ. ಬಿದ್ದರೆ ಕೆಳಗೆ ಒಂದು ತಲೆ ಇರುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ತಟ್ಟೆಯನ್ನು ಉಜ್ಜಿರಿ; ಡೆಂಗಿಯ ಸೊಳ್ಳೆ ಬೆಳೆಯುವುದು ಶುದ್ಧ ನೀರಿನಲ್ಲಿ, ಮಹಾನಗರಪಾಲಿಕೆಯವರು ಮೊದಲು ನೋಡುವುದೂ ಅದನ್ನೇ. ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ಮಣ್ಣಿನ ನೀರು ಸೋರಿದ ಕಾರಣಕ್ಕೆ ನಮ್ಮಲ್ಲಿ ಎರಡು ಸಲ ಪಂಚಾಯತಿಕೆ ಆಗಿದೆ.

ಕುರ್ಲಾದ ಕರಿಬೇವಿನ ಮೊಮ್ಮಗುವೆನ್ನಬಹುದಾದ ಒಂದು ಮರಿ ಬದುಕಿದೆ. ಅದರ ಮೇಲೆ ಹಸಿರು ಹುಳು ಕಂಡಾಗ ನಾವು ಕೀಳಹೋದರೆ ತಾಯಿಯವರು ಬಿಡುವುದಿಲ್ಲ. ಇಷ್ಟು ಎತ್ತರಕ್ಕೆ ಹಾರಿ ಬಂದು ಮೊಟ್ಟೆಯಿಟ್ಟಿದೆಯಲ್ಲ ಎನ್ನುತ್ತಾರೆ. ಮಲ್ಲಿಗೆಗೆ ಅಲ್ಲಿ ಬಿಸಿಲು ಸಾಲದು. ಎಲೆ ಚೆನ್ನಾಗಿದೆ, ಹೂವು ಕಡಿಮೆ. ಕಳೆದ ಬೇಸಗೆಯಲ್ಲಿ ಅತ್ಯಂತ ಹೆಚ್ಚೆಂದರೆ ಒಂದು ದಿನ ಒಂಬತ್ತು. ಅದನ್ನೂ ಎಣಿಸಿಯೇ ಕೊಯ್ದರು. ನಾವು ರುಜು ಹಾಕಿದ ವಿಷಯವನ್ನು ಅವರು ಇಂದಿನವರೆಗೆ ಎತ್ತಿಲ್ಲ, ನಾವೂ ಎತ್ತಿಲ್ಲ.

ಬಸಳೆ ಮಾತ್ರ ಯಾವುದನ್ನೂ ಲೆಕ್ಕಿಸದೆ ಹಬ್ಬಿದೆ. ಚಪ್ಪರ ಕೀಳುವ ಮೊದಲು ಕತ್ತರಿಸಿಟ್ಟ ತುಂಡುಗಳನ್ನು ನಮ್ಮ ಹಳೆಯ ಹೋಟೇಲಿನ ಹುಡುಗರಿಗೆ ಹಂಚಿದ್ದೆವು. ಮುಲುಂದಿನಲ್ಲಿ ಒಂದು, ಮೀರಾ ರೋಡಿನಲ್ಲಿ ಎರಡು, ವಸಯಿಯಲ್ಲಿ ಒಂದು ಚಪ್ಪರ ಅದರಿಂದ ಎದ್ದಿದೆ ಎಂದು ಕೇಳಿದ್ದೇವೆ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಪತ್ರಿಕೆಯ ಕಾರ್ಯಾಲಯದ ಜವಾನನ ಬಳಿ ಬಸಳೆಯ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಇರಿಸಿರುತ್ತೇವೆ. ಮೂರು ಗೆಣ್ಣಿರುವ ತುಂಡು ಸಾಕು. ಎರಡು ಗೆಣ್ಣು ಮಣ್ಣಿನೊಳಗೆ, ಒಂದು ಮೇಲೆ. ಸಂಜೆ ಆರರೊಳಗೆ ಬರತಕ್ಕದ್ದು. ಡಬ್ಬಿಯನ್ನು ಮಾತ್ರ ನೀವೇ ತರಬೇಕು.